ಎರಡನೆಯ ಆಧಾರ

ಲಂಬೂ,

ಒಂದು ಭಾನುವಾರದ ಬೆಳಿಗ್ಗೆ, ಎರಡು ಲೋಟ ಚಹಾ, ಜೊತೆಗೆ ಮಗಳೆದುರು ತಲೆಯೆತ್ತಿ ಕೂರುವ ಅಭ್ಯಾಸ: ಐದು ಅಂಕದ ಪ್ರಶ್ನೆಯೊಂದಕ್ಕೆ ನನಗಾದ ಖರ್ಚು ಇಷ್ಟು.

ಅವಳ ಇತಿಹಾಸದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ನಮ್ಮ ಗಿರಣಿಯ ಮುಷ್ಕರ ಬಂದಿದೆ. ಎರಡು ಆಧಾರ ಕೊಟ್ಟು, ಯಾವುದನ್ನು ಹೆಚ್ಚು ನಂಬಬಹುದು ಎಂದು ಕೇಳಿದ್ದಾರೆ. ಮೊದಲನೆಯದು ನೀನು ಹಂಚಿದ ಕರಪತ್ರ. ಎರಡನೆಯದು, ಗೋದಾಮಿಗೆ ಬೆಂಕಿಯಿಟ್ಟವನು ನೀನೇ ಎಂದು ತನಿಖೆಯಲ್ಲಿ ನಾನು ಕೊಟ್ಟ ಹೇಳಿಕೆ. ಪುಣ್ಯಕ್ಕೆ ಹೆಸರು ಹಾಕಿಲ್ಲ, ‘ಒಬ್ಬ ಕಾರ್ಮಿಕ’ ಎಂದಿದೆ. ಬೆಂಕಿ ಬಿದ್ದ ಹೊತ್ತಿನಲ್ಲಿ ನೀನು ಬೇರೆಲ್ಲೋ ಇದ್ದೆ ಎಂಬುದು ನಮ್ಮಿಬ್ಬರಿಗೇ ಗೊತ್ತು.

“ಕಣ್ಣಾರೆ ಕಂಡೆ ಅಂತಾನಪ್ಪಾ. ಆದ್ರೆ ಮುಂದಿನ ತಿಂಗಳೇ ಇವನನ್ನ ಮೇಸ್ತ್ರಿ ಮಾಡಿದಾರೆ, ಕೆಳಗೆ ಕೊಟ್ಟಿದಾರೆ ನೋಡು. ಇವನ ಮಾತು ಯಾರು ನಂಬ್ತಾರೆ?” ಎಂದಳು.

“ಅವನಿಗೂ ಹೆಂಡ್ತಿ ಮಕ್ಕಳು ಇದ್ರೋ ಏನೋ ಕಣಮ್ಮಾ.”

“ಅದಕ್ಕೆ ಅಂಕ ಇಲ್ಲಪ್ಪಾ.”

ಉತ್ತರದ ಕೆಳಗೆ ಪೋಷಕರ ಸಹಿ ಬೇಕಿತ್ತು. ಹಾಕಿಕೊಟ್ಟೆ.

ನಿನ್ನ ವಿಳಾಸ ನನ್ನಲ್ಲಿಲ್ಲ. ಇದ್ದಿದ್ದರೂ ಇದನ್ನು ಅಂಚೆಗೆ ಹಾಕುತ್ತಿರಲಿಲ್ಲ.

ಮಗಳಿಗೆ ಐದಕ್ಕೆ ಐದು ಸಿಕ್ಕಿತು. ನನಗೆ ಮೇಸ್ತ್ರಿಗಿರಿ, ಆಮೇಲೆ ಸ್ವಂತ ಅಂಗಡಿ. ನಿನಗೆ ಮೂರು ವರ್ಷ ಜೈಲು.