ಮಗನ ಮೇಲೆ ಬಂದು ಕೂತ ಸೊನ್ನೆ

ಮಾರ್ಚ್ 3, ಸೋಮವಾರ, ಬೆಳಿಗ್ಗೆ
ಚಹಾ ಆರಿತು. ಆರಲಿ. ಕೊನೆಯ ಪ್ರೂಫ್ ಬಂದಿದೆ! ಇಷ್ಟು ವರ್ಷ ಕಂಡವರ ಪುಸ್ತಕದಲ್ಲಿ ಹೇನು ಹೆಕ್ಕಿದ ಹಾಗೆ ಅಚ್ಚಿನ ತಪ್ಪು ಹೆಕ್ಕಿದ್ದೇ ಆಯಿತು, ಈ ಸಲ ನನ್ನದೇ ಪುಸ್ತಕ. ಮಕ್ಕಳ ಕತೆಗಳು. ಶುಕ್ರವಾರ ಅಚ್ಚಿಗೆ. ಕುಣಿಯೋಣ ಎನಿಸುತ್ತದೆ — ಮೊಣಕಾಲು ಬೇಡ ಎನ್ನುತ್ತದೆ.

ಮೊದಲ ಪುಟದಲ್ಲೇ ಎಡವಟ್ಟು. ಅರ್ಪಣೆ 'ನನ್ನ ಮಗನಿಗೆ' ಎಂದಿರಬೇಕು, 'ಮಂಗನಿಗೆ' ಆಗಿದೆ! ಮನೆಯಲ್ಲಿ ಅವನನ್ನು ಕರೆಯುವುದು ಮಂಗ ಎಂದೇ, ನಿಜ. ಹಾಗಂತ ಅಚ್ಚಿನಲ್ಲಿ? ಸೊನ್ನೆಗೊಂದು ಕೆಂಪು ಸುತ್ತು ಹಾಕಿ ಪುಟ ಕಳಿಸಿದೆ. ಅಂಚಿನಲ್ಲಿ 'ತೆಗೆ' ಎಂದು ಬರೆದೆನೋ ಇಲ್ಲವೋ... ಬಿಡು, ಪ್ರೆಸ್ಸಿನಲ್ಲಿ ಟೈಪ್ ಮಾಡುವ ನಮ್ಮ ಗಡಿಬಿಡಿ ಮಹಾಶಯನಿಗೆ ಅಷ್ಟು ಗೊತ್ತಾಗುತ್ತದೆ.

ಸಂಜೆ
ಬಲಗಡೆ ಟ್ಯೂಬ್‌ಲೈಟ್ ಪಕ್ ಪಕ್ ಎಂದು ಮಿಂಚುತ್ತಿತ್ತು. ಆರಿಸಿದೆ. ಆರಿಸಿದ ಮೇಲೂ ಮಿಂಚುತ್ತಿದೆ. ಅದಕ್ಕೂ ನನ್ನಷ್ಟೇ ಸಡಗರವೋ ಏನೋ!

ಮಾರ್ಚ್ 4
ಪುಟದ ತುಂಬ ಸೊನ್ನೆ. ರೇಗಿಹೋಯಿತು. ಪ್ರೆಸ್ಸಿಗೇ ಹೋದೆ.
"ಏನಪ್ಪಾ, ಸೊನ್ನೆ ಪುಕ್ಕಟೆ ಸಿಕ್ತಾ? ಕತೆ ಹೋಗಿ ಕಂತೆ ಆಗಿದೆಯಲ್ಲೋ!"
ಗಡಿಬಿಡಿ ಬಗ್ಗಿ ನೋಡಿದ. "ಎಲ್ಲಿ ಅಕ್ಕಾ? ಇಲ್ಲಿ ಸೊನ್ನೆನೇ ಇಲ್ವಲ್ಲ."
ಬೆರಳಿಟ್ಟು ತೋರಿಸಹೋದೆ. ಸೊನ್ನೆ ಪಕ್ಕದ ಸಾಲಿಗೆ ಜಾರಿತು. ತಲೆ ಎತ್ತಿದರೆ ಗೋಡೆಯ ಮೇಲೆ ಹೋಯಿತು. ಎಡಗಣ್ಣು ಮುಚ್ಚಿದೆ — ಇದೆ. ಬಲಗಣ್ಣು ಮುಚ್ಚಿದೆ — ಮಾಯ. ಆರಿಸಿದರೂ ಮಿಂಚಿದ ಟ್ಯೂಬ್‌ಲೈಟಿನ ಕತೆಯನ್ನೂ ಗಡಿಬಿಡಿಗೆ ಹೇಳಿದೆ.

ಗಡಿಬಿಡಿ ನನ್ನ ಮಗನಿಗೆ ಫೋನ್ ಹಚ್ಚಿಯೇಬಿಟ್ಟ. ಅವನು ಕೆಲಸದ ಬೇಕರಿಯಿಂದ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದ.
"ಶುಕ್ರವಾರ ಕಳೀಲಿ ಕಣೋ. ಅಚ್ಚಿಗೆ ಹೋಗ್ಲಿ, ಆಮೇಲೆ ತೋರಿಸ್ತೀನಿ."
"ಪುಸ್ತಕಕ್ಕಾದ್ರೆ ಮರುಮುದ್ರಣ ಇದೆ. ಕಣ್ಣಿಗಿದೆಯಾ ಅಮ್ಮಾ? ಕಣ್ಣಾಸ್ಪತ್ರೆಗೆ ಫೋನ್ ಮಾಡ್ದೆ. ದಿಢೀರಂತ ಮಿಂಚು, ಚುಕ್ಕೆ ಅಂದ್ರೆ ಈಗ್ಲೇ ಕರ್ಕೊಂಡ್ಬನ್ನಿ ಅಂದ್ರು. ಏಳು!"
ಹೆತ್ತ ಮಗ ಹೀಗೆ ಗದರಿಸುವುದೇ? ತೆಪ್ಪಗೆ ಗಾಡಿ ಹತ್ತಿದೆ. ಭಯವಾಗಿತ್ತು.

ಮಾರ್ಚ್ 5
ನಿನ್ನೆ ಬರೆಯಲಾಗಲಿಲ್ಲ; ಮೇಲಿನದೂ ಈಗ ಬರೆದದ್ದೇ. ಡ್ರಾಪ್ಸ್ ಹಾಕಿ ಜಗತ್ತನ್ನೇ ಕಲಸುಮೇಲೋಗರ ಮಾಡಿಬಿಟ್ಟಿದ್ದರು. ಈಗ ಕಾಣುತ್ತಿದೆ. ಕಾಣುತ್ತಿದೆ!

ಡಾಕ್ಟರಮ್ಮ ಬಲಗಣ್ಣಿನ ಮೂಲೆಮೂಲೆ ಹುಡುಕಿದರು. "ರೆಟಿನಾ ಅಂಚಲ್ಲಿ ಹರಿದಿದೆ. ಕಳಚಿಕೊಂಡಿಲ್ಲ, ಸದ್ಯ. ಒಳ್ಳೆ ಹೊತ್ತಿಗೆ ಬಂದ್ರಿ."
"ಶುಕ್ರವಾರ ಕಳೆದು ಬಂದಿದ್ರೆ?"
"ಆ ಮಾತು ಬೇಡ ಬಿಡಿ."
ಆಗಲೇ ಲೇಸರ್. ಹರಿದ ಜಾಗದ ಸುತ್ತ ಚುಕ್ಕಿ ಚುಕ್ಕಿಯಾಗಿ ಸುಟ್ಟು ಭದ್ರ ಮಾಡುವುದಂತೆ. ತಪ್ಪಿಗೆ ಸುತ್ತು ಹಾಕುವುದು ನನ್ನ ಕಸುಬೂ ಹೌದು ಎಂದೆ. ನಕ್ಕರು. "ಹಳೇ ಚುಕ್ಕೆ ಸ್ವಲ್ಪ ದಿನ ಓಡಾಡ್ಕೊಂಡಿರುತ್ತೆ. ಹೊಸದು ಕಂಡ್ರೆ, ಪರದೆ ಇಳಿದ ಹಾಗಾದ್ರೆ, ಒಂದು ಕ್ಷಣ ಕಾಯ್ಬೇಡಿ, ಬಂದ್ಬಿಡಿ."

ಉಳಿದ ಪ್ರೂಫ್ ಗಡಿಬಿಡಿಯೇ ನೋಡುತ್ತಾನಂತೆ. ದೇವರೇ ಗತಿ.

ಮಾರ್ಚ್ 12, ಸಂಜೆ
ಬಂತು! ನನ್ನ ಪುಸ್ತಕ! ಮೂಸಿ ನೋಡಿದೆ. ಮೊದಲ ಪುಟ ತೆರೆದೆ.
'ನನ್ನ ಮಂಗನಿಗೆ.'
ಹೊಸ ಚುಕ್ಕೆ? ಮತ್ತೆ ಹರಿಯಿತೇ? ಎಡಗಣ್ಣು ಮುಚ್ಚಿದೆ — ಇದೆ. ಬಲಗಣ್ಣು ಮುಚ್ಚಿದೆ — ಇದೆ! ಪುಸ್ತಕ ಅಲ್ಲಾಡಿಸಿದೆ. ಸೊನ್ನೆ ಕೂತಲ್ಲೇ ಕೂತಿದೆ, ಕಲ್ಲಿನ ಹಾಗೆ.

ಗಡಿಬಿಡಿಗೆ ಫೋನ್ ಮಾಡಿದೆ.
"ನೀವೇ ಅಲ್ವೇನಕ್ಕಾ ಕೆಂಪು ಇಂಕಲ್ಲಿ ದುಂಡಗೆ ಸೊನ್ನೆ ಹಾಕಿದ್ದು? ಮಗನ್ನ ಮುದ್ದಿಗೆ ಮಂಗ ಅಂತೀರಲ್ಲ, ಸರಿ ಅಂತ ಸೇರಿಸ್ದೆ."
ಅಯ್ಯೋ ನನ್ನ ಬುದ್ಧಿಯೇ! ಅವತ್ತು ಪುಟದಲ್ಲಿ ಸೊನ್ನೆಯೇ ಇರಲಿಲ್ಲ. ನನ್ನ ಕಣ್ಣೊಳಗಿನ ಚುಕ್ಕೆಗೆ ಸುತ್ತು ಹಾಕಿದೆ, ಆ ಸುತ್ತೇ ಸೊನ್ನೆಯಾಯಿತು.

ಅಚ್ಚಿನ ತಪ್ಪು ಕಂಡು ಜನ್ಮದಲ್ಲಿ ಇಷ್ಟು ಖುಷಿಪಟ್ಟಿಲ್ಲ. ತಪ್ಪು ಪುಸ್ತಕದ್ದು, ಕಣ್ಣಿನದಲ್ಲ! ಎರಡು ಕಣ್ಣಿಗೂ ಒಂದೇ ಮಂಗ!

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮಂಗ ಬಂದ. ಮೊದಲ ಪುಟ ತೆರೆದು ಕೈಗಿಟ್ಟು, ಜೋರಾಗಿ ಓದೋ ಎನ್ನಬೇಕು —