ಭಾನುವಾರ ಬಂದ ಸಬ್ಬತ್ತು

ಶಾಕೇದ್ ಶಿಬಿರ,
ಉತ್ತರ ಒಂಟಾರಿಯೊ
೨೦ ಆಗಸ್ಟ್ ೧೯೮೭

ಪ್ರೀತಿಯ ಅಣ್ಣ ನಫ್ತಾಲಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ನಮ್ಮ ರಕ್ತ ಕುಡಿದ ಸೊಳ್ಳೆಗಳು ನಮಗಿಂತ ಕ್ಷೇಮ. ಜೆರುಸಲೇಮಿನ ಬಿಸಿಲಿನಲ್ಲಿ ನೀನು, ಅತ್ತಿಗೆ, ಮಕ್ಕಳು ಹೇಗಿದ್ದೀರಿ? ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮಕ್ಕಳನ್ನು ಕರೆದುಕೊಂಡು ದೋಣಿಯಲ್ಲಿ ಕಾಡಿಗೆ ಹೋಗಿದ್ದೆ ಎನ್ನುವುದು ಅರ್ಧ ಕಾರಣ. ಮೊದಲು ನಿನ್ನ ಕಾಗದ ಬರಲಿ ಎಂದು ಬಿಗುಮಾನದಿಂದ ಕೂತಿದ್ದೆ ಎನ್ನುವುದು ಇನ್ನರ್ಧ.

ಪಸ್ಕ ಹಬ್ಬ ಕಳೆದ ಮೇಲೆ ನಿನ್ನಿಂದ ನನಗೆ ಒಂದು ಸಾಲೂ ಇಲ್ಲ. ಅಕ್ಟೋಬರಿನಲ್ಲಿ ನನ್ನ ಮದುವೆ. ನಾನು ಶಿಬಿರದ ಫೋನಿನಿಂದ ಮನೆಗೆ ಮಾತಾಡಿದಾಗಲೆಲ್ಲ ಅಮ್ಮ "ಅವನು ಏನಾದ್ರೂ ಬರೆದ್ನಾ?" ಎಂದು ಕೇಳುತ್ತಾಳೆ. "ಜೆರುಸಲೇಮಿನ ಟಪಾಲು ಇನ್ನೂ ಕತ್ತೆ ಮೇಲೇ ಬರೋದಮ್ಮ, ತಡ ಆಗತ್ತೆ" ಎನ್ನುತ್ತೇನೆ. ಅವಳು ನಗುವುದಿಲ್ಲ. ಮದುವೆ ಮಾಡಿಸುವ ನಮ್ಮ ಗುರು ಒಬ್ಬ ಹೆಂಗಸು ಎನ್ನುವುದು ನಿನಗೆ ಗಂಟಲಲ್ಲಿ ಇಳಿಯದ ತುತ್ತು ಎಂದು ನನಗೆ ಗೊತ್ತು. ಇವತ್ತು ಆ ಜಗಳ ತೆಗೆಯುವುದಿಲ್ಲ. ಇವತ್ತು ನಿನ್ನಿಂದ ಒಂದು ತೀರ್ಪು ಬೇಕಾಗಿದೆ. ಧರ್ಮಶಾಸ್ತ್ರದ ಪ್ರಶ್ನೆ ಮುಂದಿಟ್ಟರೆ ನೀನು ಊಟ ಬಿಟ್ಟಾದರೂ ಉತ್ತರ ಬರೆಯುತ್ತೀಯೆಂದು ನಂಬಿ ಬರೆಯುತ್ತಿದ್ದೇನೆ. ಬಲೆ ಹಾಕುತ್ತಿದ್ದಾಳೆ ಎಂದು ನಿನಗನಿಸಿದರೆ, ಹೌದು, ಹಾಕುತ್ತಿದ್ದೇನೆ.

ನೀನು ಇಲ್ಲಿ ಮಕ್ಕಳಿಗೆ ದೋಣಿ ಕಲಿಸುತ್ತಿದ್ದಾಗಿನ ಪದ್ಧತಿ ಇನ್ನೂ ಹಾಗೇ ಇದೆ. ಕಾಡಿಗೆ ಹೊರಡುವ ಬೆಳಿಗ್ಗೆ ಎಲ್ಲರ ವಾಚುಗಳೂ ಬಿಸ್ಕತ್ತಿನ ಡಬ್ಬಕ್ಕೆ ಹೋಗಬೇಕು, ಮುಂದಾಳುಗಳದ್ದೂ ಸೇರಿ. ಆಮೇಲೆ ಸೂರ್ಯನೇ ಗಡಿಯಾರ, ಊಟದ ಚೀಲವೇ ಪಂಚಾಂಗ. ಅಡುಗೆಮನೆಯವರು ದಿನಕ್ಕೊಂದು ಬಟ್ಟೆಚೀಲ ಕಟ್ಟಿ ಅದರ ಮೇಲೆ ವಾರದ ಹೆಸರು ಬರೆದಿರುತ್ತಾರೆ. ಶುಕ್ರವಾರದ ಚೀಲದಲ್ಲಿ ಮೇಣದಬತ್ತಿ, ದ್ರಾಕ್ಷಿರಸ, ಜಡೆ ಹೆಣೆದ ರೊಟ್ಟಿ. ಆ ಚೀಲ ಬಿಚ್ಚಿದ ಸಂಜೆ ಸಬ್ಬತ್ತು ಬಂತೆಂದು ಅರ್ಥ. ಮರುದಿನ ಸಂಜೆ ನಕ್ಷತ್ರ ಕಾಣುವವರೆಗೆ ದೋಣಿ ಎತ್ತುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ.

ಈ ಸಲ ಎಂಟು ಮಕ್ಕಳು. ನನ್ನ ಜೊತೆ ಮುಂದಾಳಾಗಿ ಬಂದವನು ಎಫ್ರೈಮ್, ವಿನ್ನಿಪೆಗ್ ಕಡೆಯವನು, ಇಬ್ಬರ ಊಟ ಒಬ್ಬನೇ ಮಾಡುವ ಒಳ್ಳೆಯ ಹುಡುಗ. ಮಂಗಳವಾರದವರೆಗೆ ಎಲ್ಲ ಸರಿಯಿತ್ತು. ಅಂದು ಕತ್ತಲಾಗುವಾಗ ಎದ್ದ ಗಾಳಿಮಳೆ ನಿಲ್ಲಲೇ ಇಲ್ಲ. ಡೇರೆಯೊಳಗೆ ಮುದುಡಿ ಮಲಗಿದೆವು, ಎದ್ದೆವು, ಒಣದ್ರಾಕ್ಷಿ ಕಡಲೆಬೀಜ ಮುಕ್ಕಿದೆವು, ಮತ್ತೆ ಮಲಗಿದೆವು. ಹೊರಗೆ ಹಗಲು ಯಾವುದು ಸಂಜೆ ಯಾವುದು ತಿಳಿಯದಂಥ ಬೂದಿ ಬಣ್ಣ. ಗಾಳಿ ಇಳಿದ ಬೆಳಿಗ್ಗೆ ಎಫ್ರೈಮ್ ಚೀಲಗಳನ್ನು ತಡಕಾಡಿ "ಬುಧವಾರದ್ದು ಮುಟ್ಟೇ ಇಲ್ಲ, ಹಾಗಾದ್ರೆ ಇವತ್ತು ಬುಧವಾರ" ಎಂದ. ನನಗೂ ಸರಿಯೆನಿಸಿತು. ಎಫ್ರೈಮ್ ಇರುವ ಕಡೆ ಒಂದಿಡೀ ದಿನದ ಚೀಲ ತೆರೆಯದೆ ಉಳಿಯಲು ಸಾಧ್ಯವೆಂದು ಯಾರಿಗೆ ತಾನೇ ಹೊಳೆಯುತ್ತದೆ? ಅಲ್ಲಿಗೆ ನಮ್ಮ ವಾರದಿಂದ ಒಂದು ದಿನ ಬಿದ್ದುಹೋಯಿತು, ನಮಗೆ ಗೊತ್ತಾಗಲಿಲ್ಲ.

ಶುಕ್ರವಾರದ ಚೀಲದ ಸರದಿ ಬಂದ ದಿನ ಹೆರಾನ್ ಸರೋವರ ದಾಟಬೇಕಿತ್ತು. ಅದರ ಅಗಲ ನಿನಗೆ ಗೊತ್ತು. ಸೂರ್ಯ ಮುಳುಗುವುದರೊಳಗೆ ಆಚೆ ದಡ ಸೇರಲೇಬೇಕೆಂದು ಮಕ್ಕಳ ಬೆನ್ನುಬಿದ್ದೆ. ಮಾಂಟ್ರಿಯಲ್‌ನ ಫ್ರೇಡಾ ಎಂಬ ಹುಡುಗಿ ನನ್ನ ದೋಣಿಯ ಮುಂದಿನ ಸೀಟಿನಲ್ಲಿದ್ದಳು. ನಿನ್ನ ಮನೆಯಷ್ಟೇ ಮಡಿಯ ಮನೆ ಅವಳದು. ಶಿಬಿರಕ್ಕೆ ಕಳಿಸಲು ಅವಳ ಅಜ್ಜಿ ಒಪ್ಪಿದ್ದೇ ದೊಡ್ಡದು. ಅವಳು ಹಾಡು ಹೇಳುತ್ತಾ ಒಂದೇ ಸಮನೆ ಹುಟ್ಟು ಹಾಕಿದಳು. ಹೊತ್ತು ಮುಳುಗುವ ಮೊದಲೇ ದಡ ಸೇರಿ, ಡೇರೆ ಹೊಡೆದು, ದೀಪ ಹಚ್ಚಿದೆವು. ರೊಟ್ಟಿ ಇಟ್ಟಿಗೆಯಾಗಿತ್ತು, ಎಫ್ರೈಮ್ ಅದನ್ನು ಕೊಡಲಿಯ ಹಿಂಬದಿಯಿಂದ ಮುರಿದ. ಎಲ್ಲರೂ ಹಾಡಿದೆವು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ನಿನ್ನ ಮೇಲಿನ ಸಿಟ್ಟೂ ಮರೆತುಹೋಗಿತ್ತು.

ಬೆಳಿಗ್ಗೆ ಅದೇ ದಡದ ಪಕ್ಕದ ತಿರುವಿನಿಂದ ನೀರಿನ ಮೇಲೆ ಹಾಡು ತೇಲಿ ಬಂತು. ಕ್ರೈಸ್ತರ ಕೀರ್ತನೆ.

"ಶನಿವಾರ ಯಾಕೆ ಪ್ರಾರ್ಥನೆ ಮಾಡ್ತಿದಾರೆ ಇವ್ರು?" ಎಂದು ಒಬ್ಬ ಹುಡುಗ ಕೇಳಿದ.

"ನಮ್ಮನ್ನ ನೋಡಿ ಬುದ್ಧಿ ಬಂದಿರ್ಬೇಕು," ಎಂದ ಎಫ್ರೈಮ್.

ಸ್ವಲ್ಪ ಹೊತ್ತಿಗೆ ಅವರದೇ ಎರಡು ದೋಣಿ ಬಂದವು. ಪ್ರೆಸ್ಬಿಟೇರಿಯನ್ ಚರ್ಚಿನ ಶಿಬಿರದವರು. ಮುಂದಾಳು ಐಲ್ಸಾ ಎಂಬ ದೊಡ್ಡ ಟೋಪಿಯ ಹೆಂಗಸು, ಅಮ್ಮನಿಗಿಂತ ಸ್ವಲ್ಪ ಚಿಕ್ಕವರು. ಕೈಯಲ್ಲಿ ಒಂದು ಪಾತ್ರೆ ತುಂಬ ಆಗಷ್ಟೇ ಕಿತ್ತ ನೀಲಿ ಕಾಡುಹಣ್ಣು.

"ಭಾನುವಾರ ನೆರೆಯವರ ಮನೆಗೆ ಬರಿಗೈಲಿ ಹೋಗ್ಬಾರ್ದು ಅಂತ ತಂದ್ವಿ, ತಗೊಳ್ಳಿ," ಎಂದರು.

"ಭಾನುವಾರ ನಾಳೆ ಅಲ್ವಾ?" ಎಂದೆ.

ಅವರು ನನ್ನ ಮುಖ ನೋಡಿ, ತಮ್ಮ ವಾಚು ನೋಡಿ, ಮತ್ತೆ ನನ್ನ ಮುಖ ನೋಡಿದರು. "ಇಲ್ಲಮ್ಮ, ಇವತ್ತೇ. ನಿನ್ನೆ ನೀವು ಸರೋವರ ದಾಟೋದನ್ನ ನಾವೆಲ್ಲ ನೋಡಿದ್ವಿ. ದೋಣಿ ಮೇಲೆ ನಿಮ್ಮ ಹೀಬ್ರೂ ಅಕ್ಷರ ಇತ್ತಲ್ಲ. ಯೆಹೂದಿಗಳು ಶನಿವಾರ ದೋಣಿ ನಡೆಸಲ್ಲ ಅಂತೀರಿ, ಇವ್ರು ನೋಡಿದ್ರೆ ದೆವ್ವ ಅಟ್ಟಿಸ್ಕೊಂಡು ಬಂದೋರ ಹಾಗೆ ಹೋಗ್ತಿದಾರೆ ಅಂತ ನಮ್ಮ ಹುಡುಗ್ರು ನನ್ನನ್ನ ಕೇಳಿದ್ರು."

ಅರ್ಥವಾಯಿತಲ್ಲ, ಅಣ್ಣ? ಸಬ್ಬತ್ತು ತಪ್ಪಬಾರದೆಂದು ಸಬ್ಬತ್ತಿನ ದಿನವೇ ಮೈಮುರಿದು ಹುಟ್ಟು ಹಾಕಿದ್ದೆವು. ಲೋಕದ ಯೆಹೂದಿಗಳೆಲ್ಲ ಅದನ್ನು ಬೀಳ್ಕೊಡಲು ಕಾದಿದ್ದಾಗ ನಾವು ದೀಪ ಹಚ್ಚಿ ಬರಮಾಡಿಕೊಂಡಿದ್ದೆವು. ಮಕ್ಕಳು ಮೊದಲು ಗೊಳ್ಳೆಂದು ನಕ್ಕರು. ನನಗೂ ನಗು ಬಂತು. ಆಮೇಲೆ ನೋಡಿದರೆ ಫ್ರೇಡಾ ಇರಲಿಲ್ಲ.

ದಡದ ತುದಿಯ ಬಂಡೆಯ ಮೇಲೆ ಕೂತು ಅಳುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಹುಟ್ಟಿದಾಗಿಂದ ಒಂದು ಸಬ್ಬತ್ತೂ ನಾನು ಮುರಿದಿಲ್ಲ, ಶುಲಿ. ಲೈಟಿನ ಸ್ವಿಚ್ ಕೂಡ ಮುಟ್ಟಿಲ್ಲ. ನಿನ್ನೆ ದಿನವೆಲ್ಲ ಹುಟ್ಟು ಹಾಕಿದೀನಿ. ಅದೂ ಹಾಡು ಹೇಳ್ಕೊಂಡು."

"ನೀನು ಮುರೀಲಿಲ್ಲ. ಮುರಿದಿದ್ರೆ ನಾನು ಮುರಿದಿದ್ದು. ದಿನ ಎಣಿಸೋದು ನನ್ನ ಕೆಲ್ಸ ಆಗಿತ್ತು."

"ಅಜ್ಜಿಗೆ ಏನಂತ ಹೇಳ್ಲಿ?"

ಬೇರೆಯವರ ಮಗುವಿನ ನಂಬಿಕೆಯನ್ನು ಒದ್ದೆ ಬೂಟಿನಿಂದ ತುಳಿದುಬಿಟ್ಟೆನೇನೋ ಎನಿಸಿತು. ಅವಳ ಬೆನ್ನು ಸವರಿದೆ.

ಅತ್ತ ಡೇರೆಯ ಹತ್ತಿರ ವಾದ ಶುರುವಾಗಿತ್ತು. ಭಾನುವಾರವೆಂದು ತಿಳಿದ ಮೇಲೆ ಹೊರಡುವುದೋ, ಇರುವುದೋ? ಎಫ್ರೈಮ್ ಹಣ್ಣಿನ ಪಾತ್ರೆಯ ಪಕ್ಕದಲ್ಲೇ ನಿಂತಿದ್ದ.

"ನೋಡಿ, ಸಬ್ಬತ್ತು ಅಂತಾದ್ರೆ ಇವತ್ತು ಕಿತ್ತ ಹಣ್ಣನ್ನ ಇವತ್ತು ತಿನ್ನೋ ಹಾಗಿಲ್ಲ. ಭಾನುವಾರ ಅಂತ ಒಪ್ಕೊಂಡ್ರೆ ಈಗ್ಲೇ ತಿನ್ಬೋದು. ನನ್ನ ಓಟು ಭಾನುವಾರಕ್ಕೆ."

"ನಿನ್ನ ಹೊಟ್ಟೆಗೆ ಓಟಿಲ್ಲ," ಎಂದು ಹಿಂದಿನಿಂದ ದನಿ ಬಂತು. ಫ್ರೇಡಾ ಮೂಗು ಒರೆಸಿಕೊಳ್ಳುತ್ತಾ ಬಂದಿದ್ದಳು. "ದೀಪ ಹಚ್ಚಿ ಸಬ್ಬತ್ತನ್ನ ಬಾ ಅಂತ ಕರೆದಿದ್ದು ನಾವೇ ತಾನೆ? ಕರೆದು, ಕೂರಿಸಿ, ಈಗ ಅರ್ಧದಲ್ಲಿ 'ತಪ್ಪಾಯ್ತು, ಎದ್ದು ಹೋಗು' ಅನ್ನೋದಾ? ನಕ್ಷತ್ರ ಬರೋವರೆಗೂ ಇರ್ಲಿ. ಆಮೇಲೆ ತಿನ್ನು, ಎಫ್ರೈಮ್. ಸತ್ತೇನೂ ಹೋಗಲ್ಲ."

ಎಫ್ರೈಮ್ ಪಾತ್ರೆಯ ಮೇಲೆ ತನ್ನ ಟೋಪಿ ಮುಚ್ಚಿ ದೂರ ಹೋಗಿ ಕೂತ. ಐಲ್ಸಾ ಎಲ್ಲವನ್ನೂ ಕೇಳಿಸಿಕೊಂಡು "ಹಾಗಾದ್ರೆ ನಾವೂ ಇಲ್ಲೇ ಇರ್ತೀವಿ, ಬೇಜಾರಿಲ್ಲ ಅಂದ್ರೆ" ಎಂದರು. ಅವರೂ ಭಾನುವಾರ ದೂರ ಹೋಗುವವರಲ್ಲವಂತೆ. "ನಮ್ಮಜ್ಜಿ ಸ್ಕಾಟ್ಲೆಂಡಿನ ದ್ವೀಪದವ್ರು. ಭಾನುವಾರ ಗೂಡಿಂದ ಮೊಟ್ಟೆ ಕೂಡ ತೆಗೀತಿರ್ಲಿಲ್ಲ. ಕೋಳಿ ತಾನಾಗೇ ಇಟ್ರೆ ಅದು ಕೋಳಿ ಪಾಪ, ತೆಗೆದ್ರೆ ನನ್ನ ಪಾಪ ಅಂತಿದ್ರು." ಫ್ರೇಡಾ ನಕ್ಕಳು. ಅವಳ ಅಜ್ಜಿಯ ಕಥೆಗಳು ಶುರುವಾದವು. ಇಬ್ಬರು ಅಜ್ಜಿಯರಲ್ಲಿ ಯಾರು ಹೆಚ್ಚು ಕಟ್ಟುನಿಟ್ಟು ಎಂದು ಸಂಜೆಯವರೆಗೂ ಪೈಪೋಟಿ ನಡೆಯಿತು. ಎರಡು ಶಿಬಿರದ ಮಕ್ಕಳೂ ಬಂಡೆಗಳ ಮೇಲೆ ಹಲ್ಲಿಗಳಂತೆ ಬಿದ್ದುಕೊಂಡು ಕೇಳಿದರು. ಮಾಡಬೇಕಾದ ಕೆಲಸ ಯಾರಿಗೂ ಇರಲಿಲ್ಲ. ಅಣ್ಣ, ಅಷ್ಟು ತುಂಬಿದ ಸಬ್ಬತ್ತನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಮೂರು ನಕ್ಷತ್ರ ಕಂಡ ಮೇಲೆ ಮೇಣದಬತ್ತಿ ಹಚ್ಚಿ ಸಬ್ಬತ್ತನ್ನು ಬೀಳ್ಕೊಟ್ಟೆವು. ಪದ್ಧತಿಯಂತೆ ಮೂಸಲು ಲವಂಗ ತಂದಿರಲಿಲ್ಲ, ದೇವದಾರಿನ ಸೊಪ್ಪು ಹಿಸುಕಿ ಕೈಯಿಂದ ಕೈಗೆ ದಾಟಿಸಿದೆವು. ಐಲ್ಸಾ ಕೂಡ ಮೂಸಿದರು. ಎಫ್ರೈಮ್‌ನ ಕೈಗೆ ಹಣ್ಣಿನ ಪಾತ್ರೆಯನ್ನು ಫ್ರೇಡಾಳೇ ಕೊಟ್ಟಳು.

ಈಗ ಪ್ರಶ್ನೆ. ಕಾಡಿನಲ್ಲಿ ದಿನ ಮರೆತವನು ಆರು ದಿನ ಎಣಿಸಿ ಏಳನೆಯದನ್ನು ಸಬ್ಬತ್ತೆಂದು ಆಚರಿಸಬೇಕು ಎಂದು ಶಾಸ್ತ್ರವಿದೆ. ನನಗೆ ಅದನ್ನು ಹೇಳಿಕೊಟ್ಟವನೂ ನೀನೇ. ಆದರೆ ಅವನು, ಮರೆತಿದ್ದೇನೆಂದು ಬಲ್ಲವನು. ನಾವು ಮರೆತದ್ದನ್ನೇ ಅರಿಯದವರು. ಅರಿತ ಮೇಲೂ ಬಿಡದೆ ಪೂರೈಸಿದವರು. ದಿನ ತಪ್ಪು, ಮನಸ್ಸು ಪೂರ್ತಿ. ಅದು ಸಬ್ಬತ್ತು ಆಯಿತೋ, ಆಗಲಿಲ್ಲವೋ? ಫ್ರೇಡಾ ಈ ಭಾನುವಾರ ಮಾಂಟ್ರಿಯಲ್‌ಗೆ ಹೋಗುತ್ತಾಳೆ. ತಾನು ಸಬ್ಬತ್ತು ಮುರಿದವಳೋ ಅಲ್ಲವೋ ಎಂದು ತಿಳಿಯದೆ ಅಜ್ಜಿಗೆ ಬಾಯಿ ಬಿಡುವುದಿಲ್ಲವಂತೆ. "ಜೆರುಸಲೇಮಿನಲ್ಲಿ ನನ್ನ ಅಣ್ಣ ಇದ್ದಾನೆ, ಇಂಥದ್ದು ಅವನಿಗೆ ಗೊತ್ತಿರತ್ತೆ" ಎಂದೆ. "ಅವ್ರು ತುಂಬಾ ಕಟ್ಟುನಿಟ್ಟಾ?" ಎಂದು ಹೆದರುತ್ತಾ ಕೇಳಿದಳು. "ಕಟ್ಟುನಿಟ್ಟು ಹೌದು, ಕೆಟ್ಟವನಲ್ಲ" ಎಂದೆ. ನನ್ನ ಮಾತು ಉಳಿಸು.

ಅತ್ತಿಗೆಗೆ ನನ್ನ ನಮಸ್ಕಾರ. ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಮುತ್ತು ಕೊಡು. ನಿನ್ನ ಕಣ್ಣು, ನಿನ್ನ ಓದು, ನಿನ್ನ ಮನೆಯ ದೀಪ, ಎಲ್ಲವನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಶುಲಮಿತ್

ತಾ.ಕ.: ಜೂನಿನಲ್ಲಿ ನೀನು ಅಮ್ಮನಿಗೆ ಫೋನ್ ಮಾಡಿದಾಗ ಮಹಡಿಯ ಮೇಲಿನ ಫೋನನ್ನು ನಾನೂ ಎತ್ತಿಕೊಂಡಿದ್ದೆ. ಕದ್ದು ಕೇಳಬೇಕೆಂದಲ್ಲ, ನಿನ್ನ ದನಿ ಕೇಳುವ ಆಸೆಗೆ. ನಾನು ಬಾಯಿ ತೆರೆಯುವ ಮೊದಲೇ ನೀನು "ಅಮ್ಮ, ಅದು ಮದುವೇನೇ ಅಲ್ಲ. ಇಲ್ಲದಿರೋ ಮದುವೆಗೆ ಹೇಗೆ ಬರ್ಲಿ?" ಎಂದೆ. ರಿಸೀವರನ್ನು ಸದ್ದಾಗದಂತೆ ಇಟ್ಟುಬಿಟ್ಟೆ. ನೀನು ಹಾಗೆಂದದ್ದನ್ನು ಅಮ್ಮ ನನ್ನಿಂದ ಮುಚ್ಚಿಟ್ಟಿದ್ದಾಳೆ. ನಾನು ಕೇಳಿಸಿಕೊಂಡದ್ದನ್ನು ಅವಳಿಂದ ಮುಚ್ಚಿಟ್ಟಿದ್ದೇನೆ. ಅವಳು ಪ್ರತಿ ಸಲವೂ ನಿನ್ನ ಕಾಗದ ಬಂತೇ ಎಂದು ಕೇಳುತ್ತಾಳೆ, ನಾನು ಪ್ರತಿ ಸಲವೂ ಕತ್ತೆಯ ಜೋಕು ಹೇಳುತ್ತೇನೆ.

ಮದುವೆಯ ಚಪ್ಪರದವರೆಗೆ ನಡೆಯುವಾಗ ನನ್ನ ಎಡಗಡೆ ಅಮ್ಮ ಇರುತ್ತಾಳೆ. ಅಪ್ಪ ಇದ್ದಿದ್ದರೆ ಬಲಗಡೆ ಅವನಿರುತ್ತಿದ್ದ. ಆ ಜಾಗಕ್ಕೆ ತನ್ನ ಸೋದರಮಾವನನ್ನು ಕರೆಯಲೇ ಎಂದು ನನ್ನನ್ನು ಮದುವೆಯಾಗುವ ರೂಬೆನ್ ಕೇಳಿದ. ನನ್ನ ಮುಖ ನೋಡಲಾಗದೆ ಕೇಳಿದ. ಬೇಡ ಎಂದೆ. ನೀನು ಬಾರದಿದ್ದರೆ ಆ ಬದಿ ಖಾಲಿಯೇ ಇರಲಿ.

ಅದು ಮದುವೆಯಲ್ಲ ಎಂದುಕೊಂಡೇ ಬಾ, ಅಣ್ಣ. ತಂಗಿ ಕಾಡಿನಲ್ಲಿ ದಾರಿ ತಪ್ಪಿದ್ದಾಳೆ, ಕರೆತರಲು ಹೋಗುತ್ತಿದ್ದೇನೆ ಎಂದು ಊರವರಿಗೆಲ್ಲ ಹೇಳಿಕೊಂಡು ಬಾ. ನಾನು ಸಿಟ್ಟು ಮಾಡುವುದಿಲ್ಲ. ಬಲಗೈ ಚಾಚುತ್ತೇನೆ, ಹಿಡಿದುಕೋ.