ಎರಡು ಹೆಬ್ಬೆಟ್ಟಿನ ನಕಾಶೆ

ಬ್ಯಾಡಗಿ

ಗೆಳತಿ ಅನ್ನಲೋ ಬ್ಯಾಡೋ ತಿಳೀವಲ್ದು, ನಿರ್ಮಲಾ,

ನಿನ್ನೆ ಮೆಣಸಿನಕಾಯಿ ತೊಟ್ಟು ಬಿಡಿಸೋ ಶೆಡ್ಡಿನ್ಯಾಗ ನನ್ನ ಜೋಡಿ ಕೆಲಸ ಮಾಡೋ ಚೌಡವ್ವ ಮೊಬೈಲ್ ಹಿಡಕೊಂಡು ಓಡಿ ಬಂದಳು. "ಏ ನಜ್ಮಾ, ನಿನ್ನ ನಿರ್ಮಲಾ ಲಡಾಖಿಗೆ ಹೋಗ್ಯಾಳ ನೋಡ!" ನೋಡಿದೆ. ಹಿಮದ ಗುಡ್ಡ, ಜೌಗು ಹುಲ್ಲು, ಬಾತುಗಳು. ನಿನ್ನ ಕೈಯಾಗ ನಮ್ಮ ನಕಾಶೆ. ಕೆಳಗ ಬರದೀದಿ: "ಬಾಲ್ಯದಲ್ಲಿ ನಾನೊಬ್ಬಳೇ ಕಂಡ ಕನಸು."

ಒಬ್ಬಳೇ? ಹೆಂಗರ ಮನಸ್ಸು ಬಂತು ನಿನಗ?

ಆ ಹಾಳಿ ಸಿಕ್ಕಿದ್ದು ನನಗ. ನಮ್ಮಿಬ್ಬರ ಅವ್ವಂದಿರು ತೊಟ್ಟು ಬಿಡಿಸೋ ಅಂಗಡ್ಯಾಗ, ಸ್ಯಾಂಪಲ್ ಕಾಯಿ ಕಟ್ಟಾಕ ತಂದ ರದ್ದಿಯೊಳಗ ಇತ್ತು. ಲಡಾಖಿನ ಹಳೇ ಸರ್ವೆ ನಕಾಶೆ. ತುಂಬ ಕಂದು ಗೆರಿ, ನಡುವ ನೀಲಿ ಹೊಳಿ, ಮಗ್ಗಲಕ ಜೌಗಿನ ಸಣ್ಣ ಸಣ್ಣ ಹುಲ್ಲಿನ ಗುರುತು. ಚಳಿಗಾಲಕ್ಕ ನಮ್ಮ ಕೆರಿಗೆ ಬರೋ ಪಟ್ಟೆತಲೆ ಬಾತು ಅಂಥಲ್ಲೇ ಮರಿ ಮಾಡ್ತಾವ ಅಂದ್ರು ಮಾಸ್ತರು. ಇಬ್ಬರೂ ಕೂಡೇ ಹೋಗೋದು ಅಂದ್ವಿ. ನಮ್ಮವ್ವ ಬಿಬಿಜಾನ್ ಎಲ್ಲಾದಕ್ಕೂ ಹೆಬ್ಬೆಟ್ಟು ಒತ್ತಾಕಿ. ಒತ್ತಿದ್ರನ ಮಾತು ಗಟ್ಟಿ ಅಂತ ತಿಳಿದಿದ್ವಿ. ಶೇಂಗಾ ಎಣ್ಣ್ಯಾಗ ಖಾರಪುಡಿ ಕಲಸಿ ಆ ಹೊಳಿ ದಂಡಿಗೆ ಜೋಡಿ ಒತ್ತಿದ್ವಿ. ನನ್ನ ಹೆಬ್ಬೆಟ್ಟಿಗೆ ಹಿಂದೊಮ್ಮೆ ಕುಡಗೋಲು ಅಡ್ಡ ಕೊರದು ಕಲೆ ಉಳದಿತ್ತು, ಆವಾಗ ನೀನ ಅರಿಷಿಣ ಮೆತ್ತಿದ್ದಿ. ಆಮ್ಯಾಲೆ ಅದ ಕೈಲೆ ಕಣ್ಣು ತಿಕ್ಕೊಂಡು ಇಬ್ಬರೂ ಅತ್ತಿದ್ದು ಮರತೀಯೇನ?

ನೀ ರಾಣೇಬೆನ್ನೂರಾಗ ಲೆಕ್ಚರರ್ ಆದಿ. ಖರೇನ ಖುಷಿ ಪಟ್ಟೆ. ಹೋದ ವರ್ಷ ಬಂದು, "ಹರದೀತು, ಗಾಜಿನ ಕಟ್ಟು ಹಾಕಿಸಿ ತರ್ತೇನಿ" ಅಂತ ನಕಾಶೆ ಒಯ್ದಿ. ಕೊಟ್ಟೆ. ನೀ ಹೋಗಿದ್ದಕ್ಕ ಸಿಟ್ಟಿಲ್ಲ ನನಗ. ಬರ್ತೀಯೇನ ಅಂತ ಒಂದು ಮಾತು ಕೇಳಲಿಲ್ಲಲ್ಲ! ಅವ್ವ ಹಾಸಿಗಿ ಹಿಡದಾಳ, ನಾ ಒಲ್ಲೆ ಅಂತಿದ್ದೆ. ಆದ್ರೂ ಕೇಳಬೇಕಿತ್ತು. ಚೌಡವ್ವ, "ಯಾಕ, ನಿನ್ನ ಹೆಸರ ಇಲ್ಲಲ್ಲ?" ಅಂದಾಗ ತಲಿ ಎತ್ತಲಾರದ ಕಾಯಿ ಬಿಡಿಸಿಕೋತ ಕುಂತೆ.

ಆ ಫೋಟೋದಾಗ ನಕಾಶೆ ಮಡಚಿ ಹಿಡದೀದಿ. ಒಂದು ಹೆಬ್ಬೆಟ್ಟು ಒಳಗ ಹೋಗೇತಿ, ಒಂದು ಕಾಣತೈತಿ. "ನಜ್ಮಾಂದು ಮುಚ್ಚೇನಿ" ಅನಕೊಂಡೀದಿ. ದೊಡ್ಡದು ಮಾಡಿ ನೋಡು. ಕಾಣೋ ಬೆಟ್ಟಿನ ನಡುವ ಅಡ್ಡ ಬಿಳಿ ಗೆರಿ ಐತಿ.

ನಿರ್ಮಲಾ, ನೀ ಮಡಚಿದ್ದು ನಿನ್ನ ಬೆಟ್ಟು.

ನಕಾಶೆ ನೀನ ಇಟ್ಕೋ. ಬಾತು ಬರೋ ದಿನ ಬಂದಾವ, ನಾ ಕೆರಿ ದಂಡಿಗೆ ಹೋಗ್ತೇನಿ. ಅಲ್ಲಾ ನಿನ್ನ ಚಲೋ ಇಟ್ಟಿರಲಿ.

ನಿನ್ನ ಫೋಟೋದಾಗ ಇರಾಕಿ,
ನಜ್ಮಾ